ತೂಕಕ್ಕೆ ಹೋಗುವ ಮುನ್ನ: ಹಳೆಯ ರ‍್ಯಾಮ್, ಹಳೆಯ ಬೋರ್ಡ್‌ಗಳ ವ್ಯಾಪಾರ ಮಾಡುವ ಬಗೆ

ಹಳೆಯ ಕಂಪ್ಯೂಟರ್ ಕೊಳ್ಳಲು ಹೋದಾಗ ಪ್ರೊಸೆಸರ್ ಯಾವುದು, ಯಂತ್ರ ಓಡುವಾಗ ಮಾಹಿತಿ ಹಿಡಿದಿಡುವ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಎಷ್ಟು ಎಂದು ಕೇಳುವುದಕ್ಕೆ ಮೊದಲು ಪಕ್ಕದ ಮುಚ್ಚಳ ತೆಗೆದು ಧೂಳನ್ನು ನೋಡಿ. ಮಾರುವವನ ಬಾಯಿಗಿಂತ ಧೂಳಿನ ಮಾತನ್ನು ನಾನು ಹೆಚ್ಚು ನಂಬುತ್ತೇನೆ. ದಾವಣಗೆರೆಯ ಎಪಿಎಂಸಿ ಮಂಡಿಯಿಂದ ಬಂದ ಯಂತ್ರದೊಳಗೆ ಮೆಕ್ಕೆಜೋಳದ ಹಳದಿ ಹುಡಿ ಇರುತ್ತದೆ, ಅದರ ಹಿಂದೆಯೇ ಇಲಿ ಬಂದಿರುತ್ತದೆ. ಮಂಡಕ್ಕಿ ಭಟ್ಟಿಗಳ ಆಸುಪಾಸಿನದಾದರೆ ಬೆರಳಿಗೆ ಅಂಟುವ ಕರಿ ಮಸಿ. ಹತ್ತಿಯ ಕಡೆಯದಾದರೆ ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡ ಬಿಳಿ ಎಳೆ. ಚಳ್ಳಕೆರೆಯ ಎಣ್ಣೆ ಗಿರಣಿಯಿಂದ ಬಂದರೆ ಎಲ್ಲ ಭಾಗಗಳನ್ನು ಹಿಡಿದಿರುವ ಮದರ್‌ಬೋರ್ಡಿನ ಮೇಲೆಲ್ಲ ತೆಳುವಾದ ಜಿಡ್ಡಿನ ಪದರ. ಹೊಳಲ್ಕೆರೆ, ಹೊಸದುರ್ಗದ ಗಣಿ ಕಡೆಯದಾದರೆ ಕೆಂಧೂಳು.

ಹತ್ತಿಯ ಎಳೆ ಕಂಡರೆ ನಾನು ನಿಶ್ಚಿಂತೆಯಿಂದ ಕೊಳ್ಳುತ್ತೇನೆ. ಊದಿದರೆ ಹೋಗುತ್ತದೆ, ಬೋರ್ಡಿಗೆ ಕೆಡುಕು ಮಾಡಿರುವುದಿಲ್ಲ. ಮಸಿ ಕಂಡರೆ ಬೆಲೆ ಇಳಿಸುತ್ತೇನೆ. ಮಸಿ ಎಂದರೆ ಇಂಗಾಲ, ಇಂಗಾಲ ವಿದ್ಯುತ್ತನ್ನು ಹರಿಸುತ್ತದೆ, ತೊಳೆಯದೆ ಅದಕ್ಕೆ ಕರೆಂಟು ಕೊಡಬಾರದು. ಇಲಿಯ ಗುರುತು, ಅಂದರೆ ಹಿಕ್ಕೆ ಮತ್ತು ಬೋರ್ಡಿನ ಮೇಲೆ ಹಸಿರು ಕಲೆ ಕಂಡರೆ ಬೋರ್ಡಿಗೆ ಬೆಲೆಯನ್ನೇ ಕಟ್ಟುವುದಿಲ್ಲ. ರ‍್ಯಾಮ್, ಪ್ರೊಸೆಸರ್, ಕಾರ್ಡುಗಳಿಗೆ ಮಾತ್ರ ಲೆಕ್ಕ ಹಾಕುತ್ತೇನೆ. ಇಲಿಯ ಮೂತ್ರ ತಾಮ್ರದ ಗೆರೆಗಳನ್ನು ತಿಂದಿರುತ್ತದೆ, ಇಂದು ಓಡಿದ ಬೋರ್ಡು ಮಳೆಗಾಲ ಕಾಣುವುದಿಲ್ಲ. ಎಲ್ಲಿಂದ ಬಂದ ಯಂತ್ರದಲ್ಲಾದರೂ ಇರುವುದು ಆಯುಧಪೂಜೆಯ ಅರಿಶಿನ ಕುಂಕುಮ. ಮುಂಭಾಗಕ್ಕೆ ಹಚ್ಚಿದ್ದು ಫ್ಲಾಪಿ ಡ್ರೈವಿನ ಬಾಯಿಯಿಂದ, ಯುಎಸ್‌ಬಿ ಕಿಂಡಿಯಿಂದ ಒಳಗಿಳಿದಿರುತ್ತದೆ. ಅದನ್ನು ಒಣ ಬ್ರಷ್ಷಿನಿಂದಲೇ ತೆಗೆಯಿರಿ. ಒದ್ದೆ ಬಟ್ಟೆ ಮುಟ್ಟಿಸಿದರೆ ಕೆಸರಾಗಿ ಒಳಗೆ ಮೆತ್ತಿಕೊಳ್ಳುತ್ತದೆ.

ನಾನು ಈ ಕೆಲಸವನ್ನು ನಿಟುವಳ್ಳಿಯ ಮನೆಯ ಮಹಡಿ ಕೋಣೆಯಲ್ಲಿ ಮಾಡುತ್ತೇನೆ. ಮೊದಲು ಒಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಚೆನ್ನಾಗಿ ಓಡುತ್ತಿದ್ದ ಯಂತ್ರಗಳನ್ನು ಕೆಜಿ ಲೆಕ್ಕದಲ್ಲಿ ಟೆಂಪೋಗೆ ಹೇರುವುದನ್ನು ಅಲ್ಲಿ ಕಣ್ಣಾರೆ ನೋಡಿದ್ದೇನೆ. ಗುಜರಿ ಅಂಗಡಿಯಲ್ಲಿ ರ‍್ಯಾಮ್ ತೂಕಕ್ಕೆ ಹೋಗುವುದು ಅದು ಕೆಟ್ಟಿರುವುದರಿಂದಲ್ಲ, ಅದು ಏನೆಂದು ಯಾರೂ ನೋಡದಿರುವುದರಿಂದ. ಈ ವ್ಯಾಪಾರದ ಲಾಭವೆಲ್ಲ ಆ ನೋಡುವ ಕೆಲಸದಲ್ಲಿಯೇ ಇದೆ. ಏನೆಂದು ಗೊತ್ತಾದ, ಪರೀಕ್ಷೆಯಾದ, ಚೀಟಿ ಅಂಟಿಸಿದ ರ‍್ಯಾಮ್ ಸರಕು; ಗೊತ್ತಿಲ್ಲದ್ದು ಗುಜರಿ.

ಕೊಳ್ಳುವವರು ಯಾರು ಎಂದು ಹೊಸಬರು ಕೇಳುತ್ತಾರೆ. ಹಳೆಯ ಆಟಗಳ ಹವ್ಯಾಸಿಗಳು ಬೆಂಗಳೂರಿನಲ್ಲಿ, ಹೊರರಾಜ್ಯಗಳಲ್ಲಿ ಇದ್ದಾರೆ, ನಿಜ. ಆದರೆ ನಮ್ಮ ಜಿಲ್ಲೆಯಲ್ಲಿಯೇ ಹಳೆಯ ಯಂತ್ರವನ್ನು ಬಿಡಲಾಗದವರಿದ್ದಾರೆ. ಲಗ್ನಪತ್ರಿಕೆ ಮಾಡುವ ಮುದ್ರಣಾಲಯದಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಪ್ರಿಂಟರ್ ಪೋರ್ಟಿಗೆ ಡಾಂಗಲ್ ಎಂಬ ಪರವಾನಗಿಯ ಕೀಲಿ ಚುಚ್ಚಿ ನಡೆಸುವ ಹಳೆಯ ಕನ್ನಡ ಲಿಪಿ ತಂತ್ರಾಂಶ ಇರುತ್ತದೆ. ಮೂವತ್ತು ವರ್ಷದ ವಿನ್ಯಾಸಗಳೆಲ್ಲ ಅದರಲ್ಲಿಯೇ ಇರುತ್ತವೆ. ಲಾರಿ ತೂಗುವ ತೂಕದ ಸೇತುವೆಯ ಗುಮಾಸ್ತರ ಬಳಿ ಸೀರಿಯಲ್ ಪೋರ್ಟ್ ಇರುವ ಹಳೆಯ ಯಂತ್ರವಿರುತ್ತದೆ, ಅದಕ್ಕೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಕಸೂತಿ ಯಂತ್ರ ನಡೆಸುವವರು, ಲೇತ್ ಕಾರ್ಖಾನೆಯವರು ಇದೇ ಸ್ಥಿತಿಯಲ್ಲಿದ್ದಾರೆ. ಇವರ ಯಂತ್ರದ ರ‍್ಯಾಮ್ ಒಂದು ಬೆಳಿಗ್ಗೆ ಕೈಕೊಟ್ಟರೆ ಆ ದಿನದ ದುಡಿಮೆಯೇ ನಿಲ್ಲುತ್ತದೆ. ಅವರಿಗೆ ಬೇಕಾದ 512 ಎಂಬಿಯ, ಡಿಡಿಆರ್ ಎಂಬ ಹಳೆಯ ಬಗೆಯ ರ‍್ಯಾಮ್ ಯಾವ ಹೊಸ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ಎಲ್ಲಿ, ಯಾವಾಗ ಕೊಳ್ಳುವುದು

ಮೂರು ಸುಗ್ಗಿಗಳಿವೆ. ಆಯುಧಪೂಜೆಗೆ ಮುಂಚಿನ ಎರಡು ವಾರ ಅಂಗಡಿ, ಕಚೇರಿಗಳ ಅಟ್ಟ ಖಾಲಿಯಾಗುತ್ತದೆ. ಮಾರ್ಚ್ ಕೊನೆಯಲ್ಲಿ ಲೆಕ್ಕಪತ್ರ ಮುಗಿಸಿದವರು ಹಳೆಯದನ್ನು ಲೆಕ್ಕದಿಂದ ತೆಗೆದುಹಾಕುತ್ತಾರೆ. ಬೇಸಿಗೆ ರಜೆಯಲ್ಲಿ ಕಾಲೇಜುಗಳು ಪ್ರಯೋಗಾಲಯ ಬದಲಿಸುತ್ತವೆ. ಸರ್ಕಾರಿ ಸಂಸ್ಥೆಗಳ ಹಳೆಯ ಸರಕು ಎಂಎಸ್‌ಟಿಸಿ ಎಂಬ ಕೇಂದ್ರ ಸರ್ಕಾರದ ಕಂಪನಿಯ ಮೂಲಕ ಆನ್‌ಲೈನ್ ಹರಾಜಿಗೆ ಬರುವುದುಂಟು, ಆದರೆ ಅಲ್ಲಿ ರಾಶಿ ರಾಶಿಯಾಗಿ ಕೊಳ್ಳಬೇಕು. ಕೈಯಲ್ಲಿ ಗೋದಾಮು, ಟೆಂಪೋ ಇಲ್ಲದವರು ಹೋಗಬಾರದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಇಂಟೆಲ್‌ನ ಏಳನೆಯ ಪೀಳಿಗೆಯವರೆಗಿನ ಬಹುಪಾಲು ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಒಗ್ಗುವುದಿಲ್ಲ. ಹಾಗಾಗಿ ಡಿಡಿಆರ್‌ನ ನಂತರದ ಪೀಳಿಗೆಗಳಾದ ಡಿಡಿಆರ್3 ಮತ್ತು ಮೊದಲ ಕಾಲದ ಡಿಡಿಆರ್4 ಇರುವ ಯಂತ್ರಗಳು ಈಗ ಹೊರಗೆ ಬರುತ್ತಿವೆ. ಅದೇ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಡಿಕೆ ಹೆಚ್ಚಿ ಹೊಸ ರ‍್ಯಾಮ್ ದುಬಾರಿಯಾಯಿತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಇಂಥ ಕಾಲದಲ್ಲಿ ನಾನು ಇಲ್ಲಿ ದರ ಬರೆದರೆ ನೀವು ಓದುವ ಹೊತ್ತಿಗೆ ಅದು ಹಳಸಿರುತ್ತದೆ. ಲೆಕ್ಕ ಹಾಕುವ ಬಗೆ ಮಾತ್ರ ಹೇಳುತ್ತೇನೆ. ಜನ ಕೇಳುವ ಬೆಲೆಯನ್ನು ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆಯನ್ನು ವಿಚಾರಿಸಿ. ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಟ್ಟು ಪರೀಕ್ಷಿಸದ ಸರಕನ್ನು ಕೊಳ್ಳಬೇಡಿ. ಉಳಿದದ್ದು ಸತ್ತ ರ‍್ಯಾಮ್‌ಗಳಿಗೆ, ನಿಮ್ಮ ಸಮಯಕ್ಕೆ, ಅಂಚೆಗೆ ಹೋಗುತ್ತದೆ. ಡೆಸ್ಕ್‌ಟಾಪ್ ರ‍್ಯಾಮ್ ಒಂದು ಕೆಜಿಗೆ ಸುಮಾರು ಐವತ್ತು ಅರವತ್ತು ಬರುತ್ತದೆ. ಲ್ಯಾಪ್‌ಟಾಪಿನದು ಅದರ ಎರಡರಷ್ಟು. ಗುಜರಿಯವನು ಹೇಳಿದ ಕೆಜಿ ದರವನ್ನು ಈ ಎಣಿಕೆಯಿಂದ ಭಾಗಿಸಿ ನೋಡಿದರೆ ಒಂದೊಂದಕ್ಕೆ ಎಷ್ಟು ಬಿತ್ತು ಎಂದು ನಿಂತಲ್ಲಿಯೇ ತಿಳಿಯುತ್ತದೆ.

ಯಾರಿಂದ ಕೊಂಡರೂ ಒಂದು ಹಾಳೆಯಲ್ಲಿ ಹೆಸರು, ಫೋನ್ ಸಂಖ್ಯೆ, ತಾರೀಖು, ಸರಕಿನ ವಿವರ ಬರೆಸಿ ಸಹಿ ಹಾಕಿಸಿಕೊಳ್ಳಿ. ಪ್ರಯೋಗಾಲಯಗಳಿಂದ ರ‍್ಯಾಮ್ ಕದ್ದು ಮಾರುವವರಿದ್ದಾರೆ. ಸಹಿ ಹಾಕಲು ಹಿಂಜರಿದವನ ಸರಕನ್ನು, ಎಷ್ಟೇ ಅಗ್ಗವಾಗಿರಲಿ, ಮುಟ್ಟಬೇಡಿ.

ಹಾರ್ಡ್ ಡಿಸ್ಕ್ ಬಂದರೆ ಅದು ನಿಮ್ಮ ಸರಕಾಗುವುದಕ್ಕೆ ಮುನ್ನ ಇನ್ನೊಬ್ಬರ ಗುಟ್ಟು ಎಂದು ತಿಳಿಯಿರಿ. ಅದರಲ್ಲಿ ಮಂಡಿಯ ಸಾಲದ ಲೆಕ್ಕ, ಮಗಳ ಮದುವೆಯ ಫೋಟೋ, ಆಧಾರ್ ಪ್ರತಿ ಇರುತ್ತವೆ. ತೆರೆದು ನೋಡದೆ ಮಾರಿದವರಿಗೇ ಮರಳಿಸಿ, ಇಲ್ಲವೇ ಇಡೀ ಡಿಸ್ಕಿನ ಮೇಲೆ ಆರಂಭದಿಂದ ಕೊನೆಯವರೆಗೆ ಒಮ್ಮೆ ಸೊನ್ನೆ ಬರೆಯಿಸಿ. ಲಿನಕ್ಸ್‌ನಲ್ಲಿ ಎನ್‌ವೈಪ್ ಎಂಬ ಉಚಿತ ತಂತ್ರಾಂಶ ಅದನ್ನು ಮಾಡುತ್ತದೆ. ಬರೀ ಫಾರ್ಮ್ಯಾಟ್ ಮಾಡಿದರೆ ಸಾಲದು.

ಕೈಯಲ್ಲಿ ಹಿಡಿದೇ ಗುರುತಿಸುವುದು

ಮೊದಲ ವಿಂಗಡಣೆಗೆ ಕರೆಂಟು ಬೇಡ, ಹಗಲಿನ ಬೆಳಕು ಸಾಕು. ಕೆಳ ಅಂಚಿನ ಕಚ್ಚು ಮತ್ತು ಚಿಪ್ಪಿನ ಕಾಲು, ಇವೆರಡನ್ನು ನೋಡಿ. ಎರಡು ಕಚ್ಚುಗಳಿದ್ದು 168 ಪಿನ್ ಇದ್ದರೆ ಎಸ್‌ಡಿರ‍್ಯಾಮ್, ಪೆಂಟಿಯಂ 2 ಮತ್ತು 3ರ ಕಾಲದ್ದು, 3.3 ವೋಲ್ಟ್. ಒಂದೇ ಕಚ್ಚು, ಚಿಪ್ಪಿನ ಎರಡೂ ಬದಿಗೆ ಕಾಲುಗಳು ಕಾಣುತ್ತಿದ್ದರೆ ಸಾಮಾನ್ಯವಾಗಿ 184 ಪಿನ್ನಿನ ಡಿಡಿಆರ್, 2.5 ವೋಲ್ಟ್. ಒಂದೇ ಕಚ್ಚು, ಕಾಲು ಕಾಣದ ಚೌಕ ಚಿಪ್ಪುಗಳಾದರೆ ಡಿಡಿಆರ್2 ಅಥವಾ ಡಿಡಿಆರ್3. ಎರಡಕ್ಕೂ 240 ಪಿನ್. ಕಚ್ಚು ನಡುವಿಗೆ ಹತ್ತಿರವಿದ್ದರೆ ಡಿಡಿಆರ್2, 1.8 ವೋಲ್ಟ್, ಒಂದು ಬದಿಗೆ ಸರಿದಿದ್ದರೆ ಡಿಡಿಆರ್3, 1.5 ವೋಲ್ಟ್. ಕೆಳ ಅಂಚು ನೇರವಾಗಿರದೆ ಮಧ್ಯದಲ್ಲಿ ತುಸು ಉಬ್ಬಿದ್ದರೆ 288 ಪಿನ್ನಿನ ಡಿಡಿಆರ್4, 1.2 ವೋಲ್ಟ್. ಪ್ರತಿ ಬಗೆಯದೊಂದು ಸತ್ತ ರ‍್ಯಾಮನ್ನು ಹಲಗೆಗೆ ಅಂಟಿಸಿ ಮೇಜಿನ ಮೇಲಿಟ್ಟುಕೊಳ್ಳಿ. ಅದರ ಪಕ್ಕ ಹಿಡಿದು ನೋಡಿದರೆ ಅನುಮಾನವೇ ಉಳಿಯುವುದಿಲ್ಲ.

ಇವಕ್ಕಿಂತ ಹಿಂದಿನವು ಸಿಮ್‌ಗಳು. ಮೊಬೈಲಿನ ಸಿಮ್ ಅಲ್ಲ. 30 ಪಿನ್ ಮತ್ತು 72 ಪಿನ್ನಿನ ಗಿಡ್ಡ ರ‍್ಯಾಮ್‌ಗಳು. ಇವು ಸಿಕ್ಕರೆ ಜೊತೆ ಒಡೆಯಬೇಡಿ. 30 ಪಿನ್ನಿನದು ಒಂದು ಸಲಕ್ಕೆ 8 ಬಿಟ್ ಕೊಡುತ್ತದೆ, 486 ಪ್ರೊಸೆಸರಿಗೆ 32 ಬಿಟ್ ಬೇಕು, ಆದ್ದರಿಂದ ನಾಲ್ಕು ಒಂದೇ ಬಗೆಯವು ಬೇಕೇ ಬೇಕು. 72 ಪಿನ್ನಿನದು 32 ಬಿಟ್, ಪೆಂಟಿಯಂಗೆ 64, ಆದ್ದರಿಂದ ಎರಡು. ಒಂಟಿ ಸಿಮ್‌ಗೆ ಗಿರಾಕಿ ಇಲ್ಲ. ಹೊಂದಿದ ನಾಲ್ಕಕ್ಕೆ ಹವ್ಯಾಸಿಗಳು ಮರುಮಾತಾಡದೆ ಹಣ ಕೊಡುತ್ತಾರೆ. ಯಂತ್ರದಿಂದ ಕಳಚುವಾಗಲೇ ರಬ್ಬರ್ ಬ್ಯಾಂಡ್ ಹಾಕದೆ ಕಾಗದದಲ್ಲಿ ಸುತ್ತಿ ಒಟ್ಟಿಗೆ ಇಡಿ. ನಮ್ಮ ಬೇಸಿಗೆಯಲ್ಲಿ ರಬ್ಬರ್ ಕರಗಿ ಪಿನ್ನಿಗೆ ಅಂಟುತ್ತದೆ.

ಲ್ಯಾಪ್‌ಟಾಪ್ ರ‍್ಯಾಮ್‌ಗಳಲ್ಲಿ ಡಿಡಿಆರ್ ಮತ್ತು ಡಿಡಿಆರ್2 ಎರಡಕ್ಕೂ 200 ಪಿನ್, ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260. ಡಿಡಿಆರ್3ರಲ್ಲಿ ‘ಪಿಸಿ3ಎಲ್’ ಎಂದು ಬರೆದಿದ್ದನ್ನು ಬೇರೆ ಪೆಟ್ಟಿಗೆಗೆ ಹಾಕಿ. ಅದು 1.35 ವೋಲ್ಟಿನದು, ಇಂಟೆಲ್‌ನ ನಾಲ್ಕನೆಯ ಪೀಳಿಗೆಯ ಲ್ಯಾಪ್‌ಟಾಪ್‌ಗಳು ಅದನ್ನೇ ಕೇಳುತ್ತವೆ. ಬರೀ ‘ಪಿಸಿ3’ ಹಾಕಿದರೆ ಎಷ್ಟೋ ಸಲ ಪರದೆ ಬೆಳಗುವುದಿಲ್ಲ. ಗಿರಾಕಿ ರ‍್ಯಾಮ್ ಸತ್ತಿದೆ ಎಂದು ವಾಪಸು ತರುತ್ತಾನೆ.

ಸರ್ವರ್ ರ‍್ಯಾಮ್ ರಾಶಿಯಲ್ಲಿ ಬೆರೆತು ಬರುತ್ತದೆ. ಒಂದು ಬದಿಯಲ್ಲಿ ಎಂಟರ ಬದಲು ಒಂಬತ್ತು ಚಿಪ್ಪು ಇದ್ದರೆ ಅದು ತಪ್ಪನ್ನು ತಾನೇ ತಿದ್ದುವ ಇಸಿಸಿ. ಅದರೊಂದಿಗೆ ನಡುವೆ ಬೇರೆ ಬಗೆಯ ಚಿಪ್ಪು ಇದ್ದು, ಚೀಟಿಯಲ್ಲಿ ವೇಗದ ಅಂಕಿಯ ಕೊನೆಗೆ ‘ಆರ್’ ಇದ್ದರೆ ಅದು ರಿಜಿಸ್ಟರ್ಡ್. ಮನೆಯ ಬೋರ್ಡುಗಳಲ್ಲಿ ಓಡುವುದಿಲ್ಲ. ಗೊತ್ತಿದ್ದೂ ಇದನ್ನು ಡೆಸ್ಕ್‌ಟಾಪ್ ರ‍್ಯಾಮ್ ಎಂದು ಮಾರುವವರನ್ನು ನಾನು ವ್ಯಾಪಾರಿಗಳೆಂದು ಕರೆಯುವುದಿಲ್ಲ.

ಚಿಪ್ಪುಗಳನ್ನು ಎಣಿಸಿ

ಇಷ್ಟು ಎಲ್ಲರೂ ಕಲಿಯುತ್ತಾರೆ. ಹಣವನ್ನು ತಂದುಕೊಡುವ ವಿಷಯ ಇದರ ಮುಂದಿನದು: ಒಂದು ರ‍್ಯಾಮ್‌ನಲ್ಲಿ ಎಷ್ಟು ಜಿಬಿ ಇದೆ ಎಂಬುದರ ಜೊತೆಗೆ ಅದನ್ನು ಎಷ್ಟು ಚಿಪ್ಪುಗಳು ಹಂಚಿಕೊಂಡಿವೆ ಎಂಬುದು.

ನಮ್ಮ ಜಿಲ್ಲೆಯಲ್ಲಿ ಜಿ41 ಚಿಪ್‌ಸೆಟ್ಟಿನ, ಅಂದರೆ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಮಾತು ನಡೆಸುವ ಆ ಚಿಪ್ಪು ಇರುವ, ಬೋರ್ಡುಗಳು ಇಂದಿಗೂ ಲೆಕ್ಕವಿಲ್ಲದಷ್ಟು ಓಡುತ್ತಿವೆ. ಕೋರ್ 2 ಡ್ಯುಯೋ ಪ್ರೊಸೆಸರ್, ಹಲವದರಲ್ಲಿ ಡಿಡಿಆರ್3 ಸ್ಲಾಟು. ಈ ಚಿಪ್‌ಸೆಟ್ 2 ಗಿಗಾಬಿಟ್‌ವರೆಗಿನ ಚಿಪ್ಪುಗಳನ್ನು ಮಾತ್ರ ಓದಬಲ್ಲದು. 4 ಜಿಬಿ ರ‍್ಯಾಮ್‌ನಲ್ಲಿ ಎರಡೂ ಬದಿ ಸೇರಿ ಹದಿನಾರು ಚಿಪ್ಪು ಇದ್ದರೆ ಒಂದೊಂದು 2 ಗಿಗಾಬಿಟ್, ಜಿ41ರಲ್ಲಿ ಓಡುತ್ತದೆ. ಎಂಟೇ ಚಿಪ್ಪು ಇದ್ದರೆ ಒಂದೊಂದು 4 ಗಿಗಾಬಿಟ್, ಓಡುವುದಿಲ್ಲ. ಲೆಕ್ಕ ಸುಲಭ, ಒಂದು ಜಿಬಿ ಎಂದರೆ ಎಂಟು ಗಿಗಾಬಿಟ್: ಜಿಬಿಯನ್ನು ಎಂಟರಿಂದ ಗುಣಿಸಿ ಚಿಪ್ಪಿನ ಸಂಖ್ಯೆಯಿಂದ ಭಾಗಿಸಿ. ಚೀಟಿಯಲ್ಲಿ ಹದಿನಾರರದ್ದಕ್ಕೆ ‘2ಆರ್‌ಎಕ್ಸ್8’, ಎಂಟರದ್ದಕ್ಕೆ ‘1ಆರ್‌ಎಕ್ಸ್8’ ಎಂದಿರುತ್ತದೆ. ಹೊಸ ಎಚ್61 ಬೋರ್ಡುಗಳು ಎರಡನ್ನೂ ಒಪ್ಪುತ್ತವೆ. ಹಾಗಾಗಿ ಹದಿನಾರು ಚಿಪ್ಪಿನ 4 ಜಿಬಿ ಎಲ್ಲೆಡೆ ಸಲ್ಲುತ್ತದೆ, ನಾನು ಅದಕ್ಕೆ ಹೆಚ್ಚು ಬೆಲೆ ಹಾಕುತ್ತೇನೆ. ಕೊಳ್ಳುವವರೂ ಸಂತೋಷದಿಂದ ಕೊಡುತ್ತಾರೆ, ಏಕೆಂದರೆ ಬೇರೆಡೆ ತಂದು ಹಾಕಿ ಓಡದೆ ಸೋತು ಬಂದಿರುತ್ತಾರೆ.

ಇದು ಜಿ41ರ ಒಂದರ ಕಥೆಯಲ್ಲ. ಅದಕ್ಕಿಂತ ಸುಮಾರು ಹತ್ತು ವರ್ಷ ಹಿಂದಿನ 440ಬಿಎಕ್ಸ್ ಚಿಪ್‌ಸೆಟ್ಟಿನಲ್ಲಿಯೂ ಇದೇ. ಹವ್ಯಾಸಿಗಳು ತುಂಬಾ ಇಷ್ಟಪಡುವ ಪೆಂಟಿಯಂ 2, ಪೆಂಟಿಯಂ 3 ಬೋರ್ಡು ಅದು. 128 ಮೆಗಾಬಿಟ್‌ಗಿಂತ ದೊಡ್ಡ ಚಿಪ್ಪನ್ನು ಅದು ಅರಿಯದು. ಎಂಟು ಚಿಪ್ಪಿನ 256 ಎಂಬಿ ಎಸ್‌ಡಿರ‍್ಯಾಮ್ ಹಾಕಿದರೆ ಅರ್ಧ, ಅಂದರೆ 128 ಎಂಬಿ ಮಾತ್ರ ಕಾಣುತ್ತದೆ. ಹದಿನಾರು ಚಿಪ್ಪಿನದು ಪೂರ್ತಿ ಕಾಣುತ್ತದೆ. ಡಿಡಿಆರ್2ರಲ್ಲಿ ಅಗ್ಗಕ್ಕೆ ಸಿಗುವ 4 ಜಿಬಿ ರ‍್ಯಾಮ್‌ಗಳಿವೆ, ‘ಎಎಂಡಿಗೆ ಮಾತ್ರ’ ಎಂದು ಮಾರುತ್ತಾರೆ. ಅವು ಇಂಟೆಲ್ ಬೋರ್ಡಿನಲ್ಲಿ ಏಳುವುದಿಲ್ಲ. ಎಎಂಡಿ ಎಎಂ2 ಬೋರ್ಡ್ ಇರುವವರಿಗೆ ಅದನ್ನು ಹೇಳಿಯೇ ಮಾರಿದರೆ ಇಬ್ಬರಿಗೂ ಒಳ್ಳೆಯದು.

ಚೀಟಿ ಹರಿದಿದ್ದರೆ ಅಥವಾ ಚೀಟಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಚಿಪ್ಪಿನ ಮೇಲಿನ ಬರಹವನ್ನು ಮಸೂರ ಹಿಡಿದು ಓದಿ. ಸ್ಯಾಮ್‌ಸಂಗ್‌ನಲ್ಲಿ ಕೆ4ಎಸ್ ಎಸ್‌ಡಿರ‍್ಯಾಮ್, ಕೆ4ಎಚ್ ಡಿಡಿಆರ್, ಕೆ4ಟಿ ಡಿಡಿಆರ್2, ಕೆ4ಬಿ ಡಿಡಿಆರ್3, ಕೆ4ಎ ಡಿಡಿಆರ್4. ಕೆ4ಬಿ2ಜಿ08 ಎಂದು ಆರಂಭವಾದರೆ 2 ಗಿಗಾಬಿಟ್, 8 ಬಿಟ್ ಅಗಲ. ಹೈನಿಕ್ಸ್‌ನಲ್ಲಿ ಎಚ್5ಟಿ ಎಂದರೆ ಡಿಡಿಆರ್3, ಎಚ್‌ವೈ5ಡಿ ಎಂದರೆ ಡಿಡಿಆರ್. ಮೈಕ್ರಾನ್‌ನಲ್ಲಿ ಎಂಟಿ46 ಡಿಡಿಆರ್, ಎಂಟಿ47 ಡಿಡಿಆರ್2, ಎಂಟಿ41 ಡಿಡಿಆರ್3. ತಯಾರಾದ ವರ್ಷ ಮತ್ತು ವಾರ ನಾಲ್ಕಂಕಿಯಲ್ಲಿ ಅಥವಾ ಮೂರಂಕಿಯಲ್ಲಿ ಇರುವುದು ರೂಢಿ. 0432 ಎಂದರೆ 2004ರ 32ನೆಯ ವಾರ.

ಇಲ್ಲಿಯೇ ನಕಲು ಸಿಕ್ಕಿಬೀಳುವುದು. ಚೀಟಿ ಒಂದು ಮಾತು ಹೇಳುತ್ತದೆ, ಚಿಪ್ಪಿನ ಬರಹ ಇನ್ನೊಂದು; ಮೂರನೆಯದು ರ‍್ಯಾಮ್ ಮೇಲಿನ ಎಂಟು ಕಾಲಿನ ಪುಟ್ಟ ಎಸ್‌ಪಿಡಿ ಚಿಪ್ಪಿನೊಳಗಿನ ದಾಖಲೆ, ಅದನ್ನು ಸಿಪಿಯು-ಝಡ್ ತಂತ್ರಾಂಶ ತೋರಿಸುತ್ತದೆ. ಮೂರೂ ಒಂದೇ ಮಾತನ್ನು ಹೇಳಿದರೆ ಕೊಳ್ಳಿ. ಚಿಪ್ಪಿನ ಮೇಲ್ಮೈ ಉಜ್ಜಿದಂತೆ ಒರಟಾಗಿದ್ದರೆ, ಅಕ್ಷರಗಳು ತೀರಾ ಹೊಸದಾಗಿ ಹೊಳೆಯುತ್ತಿದ್ದರೆ, ಎಂಟರಲ್ಲಿ ಎರಡು ಚಿಪ್ಪಿನ ತಾರೀಖು ಬೇರೆಯಾಗಿದ್ದರೆ ಅದು ಮರುಬೆಸುಗೆಯ ಸರಕಿರಬಹುದು.

ತೊಳೆಯುವುದು, ಪರೀಕ್ಷಿಸುವುದು

ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಎಲ್ಲ ರಿಪೇರಿ ಅಂಗಡಿಗಳ ರೂಢಿ. ಮೃದುವಾದ ಬಿಳಿ ರಬ್ಬರಾದರೆ, ಹಗುರವಾಗಿ ಒಮ್ಮೆ, ಪರವಾಗಿಲ್ಲ. ಮರಳಿನ ಕಣವಿರುವ ನೀಲಿ ರಬ್ಬರು ಬೇಡವೇ ಬೇಡ. ಚಿನ್ನದ ಲೇಪ ಕೂದಲಿಗಿಂತ ಎಷ್ಟೋ ಪಟ್ಟು ತೆಳು, ಒಮ್ಮೆ ಹೋದರೆ ಒಳಗಿನ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ನಾನು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಬಳಸುತ್ತೇನೆ. ಮಸಿ, ಎಣ್ಣೆ ಜಿಡ್ಡು ಎರಡಕ್ಕೂ ಅದೇ ಮದ್ದು. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಇರಬಾರದು. ಧೂಳು ಊದುವಾಗ ಮುಖಕ್ಕೆ ಮಾಸ್ಕ್ ಕಟ್ಟಿ, ಇಲಿ ಹಿಕ್ಕೆ ಇದ್ದರೆ ಊದಲೇಬೇಡಿ, ಒದ್ದೆ ಮಾಡಿ ಒರೆಸಿ ತೆಗೆಯಿರಿ.

ಸ್ಥಿರ ವಿದ್ಯುತ್ತಿನ ಬಗ್ಗೆ ಜನ ಅಸಡ್ಡೆ ಮಾಡುತ್ತಾರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಮ್ಮ ಬಯಲುಸೀಮೆಯ ಗಾಳಿ ಒಣಗಿರುತ್ತದೆ. ಕೈಗೆ ತಿಳಿಯದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಗಾಯಗೊಳಿಸಬಲ್ಲದು, ಅದು ತಿಂಗಳ ನಂತರ ಕಾಣಿಸಿಕೊಳ್ಳಬಹುದು. ಮಣಿಕಟ್ಟಿನ ಪಟ್ಟಿ ಕೊಳ್ಳಿ. ಅದನ್ನು ಸಿಕ್ಕಿಸುವ ಅರ್ಥಿಂಗ್ ನಿಜವಾಗಿ ನೆಲಕ್ಕೆ ಇಳಿದಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಹಳೆಯ ಮನೆಗಳಲ್ಲಿ ಮೂರನೆಯ ತೂತು ಎಷ್ಟೋ ಸಲ ಬರೀ ತೂತೇ.

ಪರೀಕ್ಷೆಗೆ ಪ್ರತಿ ಬಗೆಗೆ ಒಂದು ನಂಬಿಕೆಯ ಬೋರ್ಡು ಬೇಕು. ನನ್ನ ಮೇಜಿನಲ್ಲಿ, ಚಿಪ್‌ಸೆಟ್ಟಿನ ಹೆಸರಿನಲ್ಲಿ ಹೇಳುವುದಾದರೆ, ಎಸ್‌ಡಿರ‍್ಯಾಮ್‌ಗೆ 815, ಡಿಡಿಆರ್‌ಗೆ 865, ಡಿಡಿಆರ್2ಕ್ಕೆ ಜಿ31, ಡಿಡಿಆರ್3ಕ್ಕೆ ಎಚ್61 ಮತ್ತು ಪಕ್ಕದಲ್ಲಿ ಜಿ41, ಡಿಡಿಆರ್4ಕ್ಕೆ ಎಚ್110 ಇವೆ. ಸ್ಲಾಟು ಸವೆಯುತ್ತದೆ, ಅದಕ್ಕಾಗಿ ಬೋರ್ಡಿಗೊಂದು ಬದಲಿಯನ್ನೂ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ರ‍್ಯಾಮ್, ಯಾವಾಗಲೂ ಅದೇ ಸ್ಲಾಟು. ಮೆಮ್‌ಟೆಸ್ಟ್86+ ಉಚಿತ ತಂತ್ರಾಂಶ, ಪೆನ್ ಡ್ರೈವಿನಿಂದ ಓಡುತ್ತದೆ. ಅದರಿಂದ ಏಳದ ಹಳೆಯ ಬೋರ್ಡಿಗೆ ಸಿಡಿ ಬರೆದುಕೊಳ್ಳಿ. ವಿಂಗಡಣೆಗೆ ಒಂದು ಪೂರ್ಣ ಸುತ್ತು. ಮಾರುವ ಮೊದಲು ರಾತ್ರಿಯಿಡೀ.

ಬೋರ್ಡು ಒಂದೇ ಸಮನೆ ಉದ್ದುದ್ದ ಬೀಪ್ ಹೊಡೆದರೆ ಸಾಮಾನ್ಯವಾಗಿ ರ‍್ಯಾಮ್ ಕಾಣುತ್ತಿಲ್ಲ ಎಂದು. ತಕ್ಷಣ ಸತ್ತಿದೆ ಎಂದು ಬರೆಯಬೇಡಿ. ಪಿನ್ನು ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಬಹಳಷ್ಟು ರ‍್ಯಾಮ್ ಇಲ್ಲಿಯೇ ಬದುಕಿ ಬರುತ್ತದೆ. ಮೆಮ್‌ಟೆಸ್ಟ್ ಕೆಂಪು ಸಾಲು ತೋರಿಸಿದರೆ ಇನ್ನೊಂದು ಬೋರ್ಡಿನಲ್ಲಿ ನೋಡಿ. ಅಲ್ಲಿಯೂ ಅದೇ ವಿಳಾಸದ ಆಸುಪಾಸಿನಲ್ಲಿ ತಪ್ಪು ಬಂದರೆ ಚಿಪ್ಪು ಹೋಗಿದೆ. ಒಂದೇ ಒಂದು ತಪ್ಪು ಬಂದ ರ‍್ಯಾಮನ್ನೂ ನಾನು ಮಾರುವುದಿಲ್ಲ. ಮುದ್ರಣಾಲಯದವರ ಕಡತದಲ್ಲಿ ಹೆಸರೊಂದು ತಪ್ಪಾಗಿ ಸಾವಿರ ಪತ್ರಿಕೆ ಅಚ್ಚಾದರೆ ಆ ನಷ್ಟಕ್ಕೆ ನಾನು ಹೊಣೆ.

ಬೇಸಿಗೆಯ ಮಧ್ಯಾಹ್ನ ಫ್ಯಾನ್ ಹಾಕದೆ ಪರೀಕ್ಷಿಸುವುದು ನನ್ನ ಪದ್ಧತಿ. ಈ ರ‍್ಯಾಮ್‌ಗಳ ಪ್ರತಿ ಕೋಶವೂ ಪುಟ್ಟ ಕೆಪಾಸಿಟರ್. ಅದರ ವಿದ್ಯುದಂಶ ತೂತಿರುವ ಕೊಡದ ನೀರಿನಂತೆ ಸೋರುತ್ತಲೇ ಇರುತ್ತದೆ, ಬೋರ್ಡು 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ಡಿಡಿಆರ್2, ಡಿಡಿಆರ್3 ಚಿಪ್ಪುಗಳು 85 ಡಿಗ್ರಿ ದಾಟಿದರೆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂಬುದು ನಿಯಮ. ಡಿಸೆಂಬರ್‌ನ ತಂಪಿನಲ್ಲಿ ಗೆದ್ದ ಬಡ ಚಿಪ್ಪು ಏಪ್ರಿಲ್‌ನಲ್ಲಿ ತಗಡಿನ ಸೂರಿನ ತೂಕದ ಕೋಣೆಯಲ್ಲಿ ಸೋಲುತ್ತದೆ. ನಮ್ಮ ಗಿರಾಕಿ ಕೂರುವುದು ಆ ಕೋಣೆಯಲ್ಲಿ.

ರ‍್ಯಾಮ್ ಜೊತೆಗೆ ಬರುವ ಉಳಿದವು

ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ, ಕಂದು ಬಣ್ಣ ಒಸರಿದೆಯೇ ನೋಡಿ. 2000ದ ದಶಕದ ಮೊದಲ ಅರ್ಧದ ಬೋರ್ಡುಗಳಲ್ಲಿ ಕೆಟ್ಟ ದ್ರಾವಣದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಸೇರಿಕೊಂಡಿದ್ದವು. ಬದಲಿಸಲು ಬರುವವರಿಗೆ ಅದು ಅಡ್ಡಿಯಲ್ಲ: ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟ್, ಕಡಿಮೆ ಇಎಸ್‌ಆರ್ (ಒಳ ಪ್ರತಿರೋಧ) ಬಗೆಯದು ತಂದು ಹಾಕಬೇಕು. 386, 486 ಬೋರ್ಡು ಸಿಕ್ಕಿದರೆ ಮೊದಲ ಕೆಲಸ ಅದರ ಮೇಲಿನ ಉರುಳೆಯಾಕಾರದ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು. ಅದು ಸೋರಿ ಹಸಿರಾದ ಜಾಗಕ್ಕೆ ಬಿಳಿ ವಿನೆಗರ್ ಹಚ್ಚಿ, ನಂತರ ಆಲ್ಕೋಹಾಲಿನಿಂದ ತೊಳೆಯಿರಿ. ಸೋರಿದ್ದು ಕ್ಷಾರ, ಅದನ್ನು ಹುಳಿ ಮಣಿಸುತ್ತದೆ. ಗೊತ್ತಿಲ್ಲದ ಬೋರ್ಡಿಗೆ ಗೊತ್ತಿಲ್ಲದ ಎಸ್‌ಎಂಪಿಎಸ್, ಅಂದರೆ ವಿದ್ಯುತ್ ಪೂರೈಸುವ ಪೆಟ್ಟಿಗೆ, ಎಂದೂ ಜೋಡಿಸಬೇಡಿ. ಹಳೆಯ ಎಟಿ ಎಸ್‌ಎಂಪಿಎಸ್‌ನ ಎರಡು ಪ್ಲಗ್‌ಗಳನ್ನು ಚುಚ್ಚುವಾಗ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡು ಸುಡುತ್ತದೆ.

ಕಾರ್ಡುಗಳಲ್ಲಿ ಕಪ್ಪು ಬಣ್ಣದ ಉದ್ದ ಐಎಸ್‌ಎ ಸ್ಲಾಟಿನವು ಕಂಡರೆ ಬಿಡಬೇಡಿ. ಸೌಂಡ್ ಬ್ಲಾಸ್ಟರ್ 16, ಎಡಬ್ಲ್ಯುಇ32, ಯಾಮಹಾ ಅಥವಾ ಇಎಸ್‌ಎಸ್ ಚಿಪ್ಪಿನ ಧ್ವನಿ ಕಾರ್ಡುಗಳಿಗೆ ಡಾಸ್ ಆಟಗಳ ಹವ್ಯಾಸಿಗಳಿದ್ದಾರೆ. 3ಡಿಎಫ್‌ಎಕ್ಸ್‌ನ ವೂಡೂ ಕಾರ್ಡು ನಮ್ಮ ಕಡೆ ಅಪರೂಪ, ಸಿಕ್ಕರೆ ಅವಸರಪಟ್ಟು ಮಾರಬೇಡಿ. ಡಿಡಿಆರ್ ರಾಶಿಯಲ್ಲಿ ವಿನ್‌ಬಾಂಡ್ ಬಿಎಚ್-5 ಅಥವಾ ಸ್ಯಾಮ್‌ಸಂಗ್ ಟಿಸಿಸಿಡಿ ಚಿಪ್ಪು ಕಂಡರೂ ಹಾಗೆಯೇ. ಯಂತ್ರವನ್ನು ಮಿತಿಮೀರಿದ ವೇಗದಲ್ಲಿ ಓಡಿಸುವವರು ಅವನ್ನು ಹುಡುಕುತ್ತಾರೆ. ನಮ್ಮ ದೇಶದ್ದೇ ಆದ ಒಂದು ವಸ್ತುವನ್ನು ಎಲ್ಲರೂ ಕಡೆಗಣಿಸುತ್ತಾರೆ: ಟಿವಿಎಸ್ ಗೋಲ್ಡ್ ಕೀಬೋರ್ಡ್. ಚೆರ್ರಿ ನೀಲಿ ಸ್ವಿಚ್ಚಿನ ಹಳೆಯವು ಮಂಡಿ ಗುಮಾಸ್ತರ ಕೈಯಲ್ಲಿ ಇಪ್ಪತ್ತು ವರ್ಷ ಬಡಿಸಿಕೊಂಡೂ ಗಟ್ಟಿಯಾಗಿವೆ. ಕೀಲಿಗಳನ್ನು ಕಿತ್ತು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದರೆ ಕೇಳಿಕೊಂಡು ಬಂದು ಒಯ್ಯುತ್ತಾರೆ.

ಚಿನ್ನದ ಮಾತು ಬಂದೇ ಬರುತ್ತದೆ. ರ‍್ಯಾಮ್ ಪಿನ್ನು ಕತ್ತರಿಸಿ ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವ ವೀಡಿಯೊಗಳನ್ನು ನೋಡಿ ಹುಡುಗರು ಕೇಳುತ್ತಾರೆ. ದಯವಿಟ್ಟು ಮಾಡಬೇಡಿ. ನೈಟ್ರಿಕ್ ಆಮ್ಲದಿಂದೇಳುವ ಕಂದು ಹೊಗೆ ಉಸಿರಾಡಿದವರಿಗೆ ಆ ಕ್ಷಣ ಏನೂ ಆಗದೆ, ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಉಳಿದ ಆಮ್ಲ ಮೋರಿಗೆ, ಮೋರಿಯಿಂದ ಕೆರೆಗೆ ಹೋಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆದಾರರು, ದುರಸ್ತಿ ಮಾಡಿ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ವ್ಯಾಪಾರ ದೊಡ್ಡದಾಗುವ ಮೊದಲೇ ನಿಮಗೆ ಅನ್ವಯಿಸುವುದು ಯಾವುದು ಎಂದು ವಿಚಾರಿಸಿಕೊಳ್ಳಿ. ಸತ್ತ ರ‍್ಯಾಮ್‌ಗಳನ್ನು ನಾನು ಡಬ್ಬದಲ್ಲಿ ತುಂಬಿಟ್ಟು, ನೋಂದಾಯಿತ ಮರುಬಳಕೆದಾರರಿಗೆ ಕೊಡುತ್ತೇನೆ.

ಮಾರುವುದು

ಪ್ರತಿ ರ‍್ಯಾಮ್‌ಗೂ ಒಂದು ಚೀಟಿ: ಬಗೆ, ಗಾತ್ರ, ವೇಗ, ಚಿಪ್ಪಿನ ಸಂಖ್ಯೆ, ಯಾವ ಬೋರ್ಡಿನಲ್ಲಿ ಪರೀಕ್ಷೆಯಾಯಿತು, ತಾರೀಖು. ಅದರ ಮೂಲ ಚೀಟಿಯ ಮೇಲೆ ಅಂಟಿಸಬೇಡಿ, ಚೀಲದ ಮೇಲೆ ಅಂಟಿಸಿ. ಆನ್‌ಲೈನ್ ಜಾಹೀರಾತಿಗೆ ಎರಡೂ ಬದಿಯ ಚಿತ್ರ ಹಾಕಿ, ಚಿಪ್ಪಿನ ಬರಹ ಓದಲು ಬರಬೇಕು. ಹವ್ಯಾಸಿ ಕೊಳ್ಳುವುದು ಆ ಬರಹವನ್ನು ನೋಡಿ. ಊರಿನ ಗಿರಾಕಿಗೆ ಇದ್ಯಾವುದೂ ಬೇಡ. ಅವರಿಗೆ ಯಂತ್ರ ಏಳಬೇಕು. ಅವರ ಬೋರ್ಡಿನ ಹೆಸರನ್ನು ಫೋನಿನಲ್ಲಿ ಚಿತ್ರ ತೆಗೆದು ಕಳಿಸಲು ಹೇಳಿ, ಹೊಂದುವುದನ್ನೇ ಕೊಡಿ, ಹದಿನೈದು ದಿನದೊಳಗೆ ತೊಂದರೆಯಾದರೆ ಬದಲಿಸಿ ಕೊಡಿ. ಅಂಥವರ ಯಂತ್ರದ ವಿವರವನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದೇ ಬಗೆಯದು ಕೈಗೆ ಬಂದಾಗ ಒಂದನ್ನು ಅವರ ಹೆಸರಿನಲ್ಲಿ ಎತ್ತಿಡುತ್ತೇನೆ, ಯಂತ್ರ ನಿಂತ ದಿನ ಅವರು ಅಲೆಯಬಾರದು.

ಹಣ ಬರುವುದಕ್ಕೆ ಯುಪಿಐ ಪಿನ್ ಹಾಕಬೇಕಿಲ್ಲ. ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಮುಂಗಡ ಬರುತ್ತದೆ’ ಎನ್ನುವವನು ಮೋಸಗಾರ. ಸೈನ್ಯದವನು, ತುರ್ತು ವರ್ಗಾವಣೆ ಎಂದು ಕಥೆ ಕಟ್ಟುತ್ತಾನೆ. ಫೋನ್ ಇಟ್ಟುಬಿಡಿ.

ಕಳಿಸುವಾಗ ಬೆಳ್ಳಿ ಬಣ್ಣದ ಸ್ಥಿರವಿದ್ಯುತ್ ನಿರೋಧಕ ಚೀಲವೇ ಬೇಕು. ಮಾಮೂಲಿ ಪ್ಲಾಸ್ಟಿಕ್ ಚೀಲ, ಥರ್ಮೋಕೋಲ್ ಎರಡೂ ಕಿಡಿ ಹುಟ್ಟಿಸುತ್ತವೆ. ಚೀಲದ ಎರಡೂ ಬದಿಗೆ ಗಟ್ಟಿ ರಟ್ಟು, ಮೇಲೆ ಗುಳ್ಳೆ ಹಾಳೆ, ಹೊರಗೆ ಸಣ್ಣ ಪೆಟ್ಟಿಗೆ. ರ‍್ಯಾಮ್ ಬಾಗಿದರೆ ಬೆಸುಗೆ ಬಿರಿಯುತ್ತದೆ, ಲಕೋಟೆಯಲ್ಲಿ ಕಳಿಸಬೇಡಿ. ಒಂದೆರಡಾದರೆ ಸ್ಪೀಡ್ ಪೋಸ್ಟ್. ಬೋರ್ಡು, ಕ್ಯಾಬಿನೆಟ್ಟಿನಂಥ ಭಾರದ್ದನ್ನು ಬೆಂಗಳೂರು, ಹುಬ್ಬಳ್ಳಿಗೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಬಸ್ ನಿಲ್ದಾಣದಿಂದ ಕಳಿಸಬಹುದು. ಬೋರ್ಡಿನಿಂದ ಪ್ರೊಸೆಸರ್ ಮೇಲಿನ ಭಾರದ ಹೀಟ್‌ಸಿಂಕ್ ಬಿಚ್ಚಿ ಬೇರೆ ಸುತ್ತಿಡಿ. ಪಿನ್ನುಗಳು ಬೋರ್ಡಿನ ಮೇಲೆಯೇ ಇರುವ ಎಲ್‌ಜಿಎ ಸಾಕೆಟ್ಟಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರಲೇಬೇಕು, ಪಿನ್ ಒಂದು ಬಾಗಿದರೆ ಬೋರ್ಡೇ ಹೋಯಿತು. ಪೆಟ್ಟಿಗೆ ಮುಚ್ಚುವ ಮೊದಲು ಒಳಗಿನ ಜೋಡಣೆಯ ಒಂದು ಚಿತ್ರ ತೆಗೆದು ಗಿರಾಕಿಗೆ ಕಳಿಸಿ, ರಸೀದಿಯ ಸಂಖ್ಯೆಯೂ ಅದರ ಜೊತೆ ಹೋಗಲಿ.